ಹೋತದ ಕೊರಳಲ್ಲಿ ಹುಸೇನಪ್ಪ

ಗಣಿಗೆ ಇಳಿದವನು ಗಾಳಿಗೆ ಬಾರದಿರುತ್ತಾನೆಯೇ? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಹಿರಿಯರು ಕಟ್ಟಿದ್ದ ಗಾದೆಯ ಕೈಕಾಲು ಮುರಿದು ನಾನು ಹೀಗೆ ಜೋಡಿಸಿದ್ದೇನೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ನನ್ನ ಬಾಯಿಗೆ ಸಿಕ್ಕರೆ ಎರಡೂ ಸುಳ್ಳಾಗುತ್ತವೆ ಎಂದು ನನ್ನನ್ನು ಬಲ್ಲವರು ಹೇಳುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಈ ಕಥೆ ನಿಜ. ಇದನ್ನು ಮೂವರು ಅಧಿಕಾರಿಗಳ ಮುಂದೆ, ಒಬ್ಬ ಡಾಕ್ಟರರ ಮುಂದೆ, ಒಂದು ಹೋತದ ಮುಂದೆ ಹೇಳಿದ್ದೇನೆ. ಹೋತವೊಂದೇ ಮಧ್ಯೆ ಬಾಯಿ ಹಾಕದೆ ಕೇಳಿತು.

ನನ್ನ ಹೆಸರು ಮೌನೇಶ. ಹೆಸರಿಟ್ಟ ಅಜ್ಜಿಗೆ ಮುಂದೆ ಆಗುವುದು ತಿಳಿದಿರಲಿಲ್ಲ, ಪಾಪ. ಕಾಲೇಜಿನಲ್ಲಿ ನಾನು ಒಂದೇ ಬೆಂಚಿನ ಮೇಲೆ ಕುಳಿತು ಐದು ಜನರಾಗುತ್ತಿದ್ದೆ. ಹಾಜರಿ ಕರೆಯುವ ಮೇಷ್ಟ್ರು ಪುಸ್ತಕದಿಂದ ತಲೆ ಎತ್ತುವವರಲ್ಲ. ಹೆಸರು ಕೂಗುವುದು, ದನಿ ಬಂದರೆ ಗೀಟು ಎಳೆಯುವುದು. ನನ್ನ ಖಾಯಂ ಗಿರಾಕಿ ಹುಸೇನಪ್ಪ. ಗಡಿಗೆಯೊಳಗೆ ಕಲ್ಲು ಉರುಳಿದಂಥ ದನಿ ಅವನದು. ಕೊನೆಯ ಅಕ್ಷರ ನುಂಗಿ 'ಪ್ರೆಜೆನ್ ಸರ್' ಎನ್ನುತ್ತಿದ್ದ. ಎರಡು ವರ್ಷ ಅವನು ಕಾಲುವೆಯಲ್ಲಿ ಈಜುತ್ತಿದ್ದ, ನಾನು ಅವನ ಬದಲು ಆ ಅಕ್ಷರವನ್ನು ನುಂಗುತ್ತಿದ್ದೆ. ಪುಸ್ತಕದ ಪ್ರಕಾರ ಅವನಷ್ಟು ನಿಯತ್ತಿನ ವಿದ್ಯಾರ್ಥಿ ಆ ಕಾಲೇಜಿನಲ್ಲಿ ಇರಲಿಲ್ಲ.

ಮುಂದೆ ಹಿರೇಬಂಡಿಯ ಚಿನ್ನದ ಗಣಿ ಇಬ್ಬರಿಗೂ ಅನ್ನ ಕೊಟ್ಟಿತು. ಅವನು ಒಂಬೈನೂರು ಮೀಟರ್ ಕೆಳಗೆ, ಇಪ್ಪತ್ತೇಳನೆಯ ಲೆವೆಲ್ಲಿನ ಮೇಸ್ತ್ರಿ. ನಾನು ಮೇಲೆ, ತಣ್ಣನೆಯ ಕಂಟ್ರೋಲ್ ರೂಮಿನಲ್ಲಿ, ಗಣಿಯ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ತಂತ್ರಜ್ಞ. ಹನ್ನೆರಡು ವರ್ಷ ಅಲ್ಲಿ ಕೆಲಸ ಮಾಡಿದೆ; ಒಂದು ಸಲವೂ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಕೆಳಗಿಳಿಯಲಿಲ್ಲ. ಈ ಮಾತು ನೆನಪಿರಲಿ.

ಕಾರ್ಮಿಕರು ಒಬ್ಬರ ಕಾರ್ಡು ಇನ್ನೊಬ್ಬರು ತೋರಿಸಿ ಹಾಜರಿ ಹಾಕಿಸುತ್ತಾರೆಂದು ಆಡಳಿತದವರು ಕಾರ್ಡು ಕಿತ್ತುಹಾಕಿ, ಪ್ರತಿಯೊಬ್ಬರ ಕೊರಳೆಲುಬಿನ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡ, ತಾನೇ ಜಾಲಕ್ಕೆ ಹಾಜರಿ ಹೇಳುವ ಒಂದು ರೇಡಿಯೋ ಮಣಿ ಹೊಲಿಸಿದರು. ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಕಾರ್ಖಾನೆಯಲ್ಲೇ ಒಂದು ವಿಳಾಸ ಸುಟ್ಟಿರುತ್ತಾರೆ, ಎತ್ತಿಗೆ ಬರೆ ಹಾಕಿದ ಹಾಗೆ. ಎರಡೆರಡು ಚಿಹ್ನೆಯ ಆರು ಜೋಡಿ. ಮೊದಲ ಮೂರು ಜೋಡಿ ತಯಾರಿಸಿದವರ ಮನೆತನ, ಕೊನೆಯ ಮೂರು ಆ ಒಂದೇ ಯಂತ್ರದ ಸ್ವಂತ ಗುರುತು. ಐಪಿ ವಿಳಾಸವೆಂದರೆ ಬಾಡಿಗೆ ಮನೆಯ ನಂಬರು, ಜಾಗ ಬಿಟ್ಟರೆ ಬದಲಾಗುತ್ತದೆ. ಹಾರ್ಡ್‌ವೇರ್ ವಿಳಾಸ ಹುಟ್ಟುಮಚ್ಚೆ. ಎಲ್ಲಿಗೆ ಹೋದರೂ ಮೈಮೇಲೆಯೇ ಇರುತ್ತದೆ.

ಎರಡು ವರ್ಷದಲ್ಲಿ ಮನೆಮಂದಿಗೂ ಮಣಿ ಬಂತು, ಕಾಲೋನಿಯ ಬಾಗಿಲು, ನಲ್ಲಿ, ಕ್ಯಾಂಟೀನಿನ ಕೌಂಟರು ಎಲ್ಲವೂ ಮಣಿಯ ಮಾತು ಕೇಳಿಯೇ ತೆರೆಯತೊಡಗಿದವು. ಹೆಣ್ಣು ಕೊಡುವವರು ಹುಡುಗನ ಕುಲ, ಬೆಡಗು ಬಿಟ್ಟು ಕೊನೆಯ ಮೂರು ಜೋಡಿ ಕೇಳುವ ಮಟ್ಟಕ್ಕೆ ಬಂದರು. ಶಾಂತಪ್ಪನೆಂಬ ಡ್ರಿಲ್ಲರಿಗೆ ಮಣಿ ಇದ್ದಲ್ಲಿ ಕೀವಾಯಿತು. ತೆಗೆಸಿಕೊಂಡ ಮೇಲೆ ಹೊಸದು ಬರುವವರೆಗೆ ಒಂಬತ್ತು ದಿನ ಅವನ ಮನೆಯ ಬಾಗಿಲು ಅವನಿಗೆ ತೆರೆಯಲಿಲ್ಲ. ಹೆಂಡತಿಯ ಸೆರಗು ಹಿಡಿದುಕೊಂಡು ಅವಳ ಹಿಂದೆಯೇ ಒಳಗೆ ನುಸುಳುತ್ತಿದ್ದ. ನಾವೆಲ್ಲ ನಕ್ಕೆವು. ಅವನು ಯಾಕೋ ನಗಲಿಲ್ಲ.

ಇನ್ನು ಈ ವಿಳಾಸಗಳನ್ನು ಕಾಯುವ ಸ್ವಿಚ್. ಅದೊಂದು ಹಲವು ಬಾಗಿಲುಗಳ ಪೆಟ್ಟಿಗೆ. ಯಾವ ವಿಳಾಸ ಯಾವ ಬಾಗಿಲಿನಿಂದ ಕೊನೆಯದಾಗಿ ಮಾತಾಡಿತು ಎಂದು ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಆ ವಿಳಾಸಕ್ಕೆ ಬಂದ ಸಂದೇಶವನ್ನು ಆ ಬಾಗಿಲಿಗೇ ಕಳಿಸುತ್ತದೆ. ಮುಖ ನೋಡುವುದಿಲ್ಲ. ಮಚ್ಚೆ ಮುಟ್ಟಿ ನೋಡುವುದಿಲ್ಲ. 'ನಾನು ಇಂಥವನು' ಎಂದು ಯಂತ್ರ ಹೇಳಿದ್ದನ್ನು ಬರೆದುಕೊಳ್ಳುತ್ತದೆ, ಅಷ್ಟೆ. ಇಬ್ಬರು ಒಂದೇ ಹೆಸರು ಹೇಳಿದರೆ ಕೊನೆಗೆ ಹೇಳಿದವನೇ ನಿಜ. ಮನುಷ್ಯ ನಡೆದಾಡುವ ಪ್ರಾಣಿಯಾದ್ದರಿಂದ ಬಾಗಿಲು ಬದಲಾದರೆ ಅನುಮಾನವನ್ನೂ ಪಡುವುದಿಲ್ಲ. ಇದು ತಿಳಿದ ದಿನ ನನಗೆ ನಮ್ಮ ಮೇಷ್ಟ್ರನ್ನೇ ಮತ್ತೆ ಕಂಡಷ್ಟು ಸಂತೋಷವಾಯಿತು.

ಈ ಕಥೆ ನಡೆದ ತಿಂಗಳು ಒಂದು ಹೊಸ ಸುತ್ತೋಲೆ ಬಂತು. ತಲೆಬರಹ: 'ಹೆಸರಿದ್ದಲ್ಲಿ ಉಸಿರು.' ಇನ್ನು ಮುಂದೆ ಮಣಿಗಳಿರುವ ಲೆವೆಲ್ಲಿಗೆ ಮಾತ್ರ ಫ್ಯಾನು ಗಾಳಿ ಊದುತ್ತದೆ. ಖಾಲಿಯಾದ ಲೆವೆಲ್ಲಿನ ಗಾಳಿಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಪ್ರಾಸ ಚೆನ್ನಾಗಿದೆ ಎಂದು ಮೆಚ್ಚಿ, ಕೆಳಗಿನ ಮೂರು ಪುಟ ಓದದೆ ಸಹಿ ಹಾಕಿದೆ.

ಮರುದಿನ ಭಾನುವಾರ. ಪ್ರತಿ ಭಾನುವಾರದಂತೆ ಹುಸೇನಪ್ಪನ ಮನೆಯಲ್ಲಿ ಊಟ. ಅವನ ಹೆಂಡತಿ ನರಸಮ್ಮ ಗಣಿಯ ಗೇಟಿನೆದುರು ಮಿರ್ಚಿ, ಮಂಡಾಳ ಒಗ್ಗರಣೆಯ ತಿಂಡಿ ಅಂಗಡಿ ಇಟ್ಟವಳು. ಅವಳ ಕೈಯ ಪುಂಡಿಪಲ್ಯಕ್ಕೆ ನಾನು ಯಾರ ದನಿಯನ್ನಾದರೂ ಮಾಡಬಲ್ಲೆ. ಓಣಿಯಲ್ಲೇ ನಿಂತು ಗಡಿಗೆಯ ದನಿ ತೆಗೆದೆ.

"ನರಸೀ, ನೀರು ಕಾಯಾಕಿಡು!"

ಒಳಗೆ ಬಿಂದಿಗೆಯ ಸದ್ದಾಯಿತು. ಆಮೇಲೆ ಅವಳ ಬೈಗುಳ. "ಥೂ ನಿಮ್ಮ ಬಾಯಿಗೆ ಮಣ್ಣು ಬೀಳ, ಮೌನೇಶಣ್ಣಾ! ಇವ್ರು ಇಲ್ಲೇ ಪಲ್ಲಂಗದ ಮ್ಯಾಲೆ ಕುಂತಾರ, ಆದ್ರೂ ನನ್ನ ಕೈ ಬಿಂದಿಗಿಗೆ ಹೋತು ನೋಡ್ರಿ!"

"ನನಗಿಂತ ನನ್ನಂಗ ಮಾತಾಡ್ತೀಯಲ್ಲಲೇ ಮೌನ್ಯಾ," ಎಂದು ಹುಸೇನಪ್ಪ ನಕ್ಕ. ಅವನ ನಗುವೆಂದರೆ ಹುಸ್ ಎಂದು ಮೂಗಿನಲ್ಲಿ ಒಂದು ಗಾಳಿ. ಅದಕ್ಕಿಂತ ಹೆಚ್ಚು ಅವನಿಂದ ಯಾರೂ ಕಂಡಿರಲಿಲ್ಲ. ಅವನನ್ನು ಬಾಯ್ತುಂಬ ನಗಿಸಬೇಕೆಂಬುದು ನನ್ನ ಇಪ್ಪತ್ತು ವರ್ಷದ ಹಟ.

ಅವನು ಅಂಗಿಯ ಜೇಬಿನಿಂದ, ರಜೆಯ ದಿನ ಒರೆಸಲೆಂದೇ ಮನೆಗೆ ತರುತ್ತಿದ್ದ ಒಂದು ಹಿತ್ತಾಳೆಯ ಬಿಲ್ಲೆ ತೆಗೆದು ಧೋತರದ ಅಂಚಿನಿಂದ ಒರೆಸುತ್ತಿದ್ದ. ಹಳೆಯ ಗಣಿಯ ಪದ್ಧತಿ ಅದು. ಕೆಳಗೆ ಇಳಿಯುವವನು ತನ್ನ ನಂಬರಿನ ಬಿಲ್ಲೆ ಜೇಬಿಗೆ ಹಾಕಿಕೊಂಡು ಇಳಿಯುತ್ತಾನೆ, ಮೇಲೆ ಬಂದು ದೀಪದ ಕೋಣೆಯ ಮೊಳೆಗೆ ತೂಗುಹಾಕುತ್ತಾನೆ. ಮೊಳೆ ಖಾಲಿಯಿದ್ದರೆ ಮನುಷ್ಯ ಕೆಳಗಿದ್ದಾನೆ ಎಂದೇ ಅರ್ಥ. ಮಣಿ ಬಂದ ಮೇಲೆ ಎಲ್ಲರೂ ಬಿಲ್ಲೆ ಬಿಟ್ಟರು. ಅಪ್ಪನ ಇನ್ನೂರ ಹದಿನಾಲ್ಕನೆಯ ನಂಬರಿನ ಬಿಲ್ಲೆಯನ್ನು ಇವನೊಬ್ಬ ಬಿಟ್ಟಿರಲಿಲ್ಲ.

"ಅದನ್ನ ಮ್ಯೂಸಿಯಮ್ಮಿಗೆ ಕೊಡಲೇ," ಎಂದೆ. "ನೀ ಎಲ್ಲಿ ಉಸಿರು ಬಿಟ್ರೂ ಕಂಟ್ರೋಲ್ ರೂಮಿನಾಗ ನಮ್ಮ ಗ್ವಾಡಿ ನಕ್ಷೆ ಮ್ಯಾಲೆ ಚುಕ್ಕಿಯಾಗಿ ಕಾಣತೈತಿ."

"ನಿಮ್ಮ ಗ್ವಾಡಿಗೆ ನನ್ನ ಮಣಿ ಕಾಣತೈತಿ. ನಾ ಕಾಣಂಗಿಲ್ಲ."

"ಎರಡೂ ಒಂದಲ್ಲೇನು?"

"ಒಮ್ಮೆ ಕೆಳಗ ಬಾ, ತೋರಸ್ತೀನಿ. ಇಪ್ಪತ್ತು ವರ್ಷದಾಗ ಡ್ಯೂಟಿ ಮ್ಯಾಲೆ ಜಾಗಾ ಬಿಟ್ಟವ ಅಲ್ಲ ನಾನು. ಅದಕ್ಕ ಗ್ವಾಡಿ ಸಾಕ್ಷಿ ಬೇಕಿಲ್ಲ, ಈ ಬಿಲ್ಲೆ ಸಾಕು."

ಹಿತ್ತಲಲ್ಲಿ ಅವರ ಹೋತ ಕೂಗಿತು. ಉದ್ದ ಗಡ್ಡ, ಯಾರಿಗೂ ದಾರಿ ಬಿಡದ ಗತ್ತು. ಅದಕ್ಕೇ ಅದಕ್ಕೆ ಪಟೇಲ ಎಂದು ಹೆಸರು. ನರಸಮ್ಮನ ಅಂಗಡಿಯ ಹಿಂದಿನಿಂದ ನುಸುಳಿ ಕ್ಯಾಂಟೀನು, ಮ್ಯಾನೇಜರರ ತೋಟ ಎಲ್ಲವನ್ನೂ ತಪಾಸಣೆ ಮಾಡುವುದು ಪಟೇಲನ ದಿನಚರಿ. ಜಾಗ ಬಿಡದ ಹುಸೇನಪ್ಪ. ಒಂದು ಜಾಗದಲ್ಲಿ ನಿಲ್ಲದ ಪಟೇಲ. ನನ್ನ ತಲೆಯೊಳಗೆ ಎರಡು ತಂತಿ ತಾಗಿ ಕಿಡಿ ಹಾರಿತು.

ಕೆಟ್ಟ ಬುದ್ಧಿಗೆ ಕಷ್ಟವೇನಿಲ್ಲ. ವಾಕಿಟಾಕಿಯಂಥ ಹಳೆಯ ಕೈಯಂತ್ರವೊಂದರ ರೇಡಿಯೋ ಬಿಚ್ಚಿದೆ. ಅದರ ಸ್ವಂತ ವಿಳಾಸವನ್ನು ಚಿಪ್‌ನಲ್ಲಿ ಸುಟ್ಟು ಬರೆದಿತ್ತು ನಿಜ. ಆದರೆ ಅದು ಬಾಯಿಬಿಟ್ಟು ಯಾವ ಹೆಸರು ಹೇಳಬೇಕೆಂಬುದು ನನ್ನ ಕೈಯಲ್ಲಿತ್ತು. ಹುಸೇನಪ್ಪನ ಆರೂ ಜೋಡಿಯನ್ನು ಹೇಳಲು ಕಲಿಸಿದೆ. ಅವನ ಮಣಿ ಹತ್ತು ಸೆಕೆಂಡಿಗೊಮ್ಮೆ ಹಾಜರಿ ಹೇಳುತ್ತಿತ್ತು. ಗೋಡೆಯ ಮೇಲಿನ ಚುಕ್ಕೆ ಕೆಳಗೂ ಮೇಲೂ ಜಿಗಿದರೆ ಆಟ ಬಯಲಾಗುತ್ತದೆಂದು ನನ್ನದನ್ನು ಸೆಕೆಂಡಿಗೆ ಎರಡು ಸಲ ಕೂಗುವಂತೆ ಮಾಡಿದೆ. ಕೊನೆಗೆ ಕೂಗಿದವನೇ ನಿಜ ತಾನೆ? ಬೆಲ್ಲದ ಅಚ್ಚಿನಷ್ಟು ದಪ್ಪದ ಆ ಯಂತ್ರವನ್ನು ಒಂದು ದೊಡ್ಡ ಗಂಟೆಯೊಳಗೆ ಕೂರಿಸಿ, ಶುಕ್ರವಾರ ಬೆಳಿಗ್ಗೆ ಪಟೇಲನ ಕೊರಳಿಗೆ ಕಟ್ಟಿದೆ. ಹತ್ತು ನಲವತ್ತಕ್ಕೆ ಕೆಳಗೆ ಸಿಡಿಮದ್ದು ಹಾರಿಸಿದ ಸದ್ದು ನೆಲದಲ್ಲಿ ಗುಡುಗಿತು. ಹತ್ತು ಐವತ್ತಕ್ಕೆ ನಾನು ಗಂಟೆಯ ಗುಂಡಿ ಒತ್ತಿದೆ.

ಕಂಟ್ರೋಲ್ ರೂಮಿನ ಮುಖ್ಯಸ್ಥೆ ಸುಕನ್ಯಾ ಮೇಡಂ ಗೋಡೆಯ ನಕ್ಷೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಏನ್ರೀ ಇದು, ಹುಸೇನಪ್ಪ ಮ್ಯಾನೇಜರ್ ಸಾಹೇಬ್ರ ತೋಟದಾಗ ಅದಾನ?"

"ಗುಲಾಬಿ ಗಿಡದ ಹತ್ರ ಅದಾನ್ರಿ," ಎಂದ ಆಪರೇಟರ್. "ಈಗ ಕಾಂಪೌಂಡ್ ಗ್ವಾಡಿ ಏರಿದಾ! ಮೇಡಂ, ಗ್ವಾಡಿ ಮ್ಯಾಲೆ ನಿಂತಾನ್ರಿ!"

"ಇಪ್ಪತ್ತು ವರ್ಷದಾಗ ಒಮ್ಮೆನೂ ಜಾಗಾ ಬಿಡದ ಮನಷ್ಯಾ..."

"ಬಿಟ್ಟರ ಹಿಂಗ ಬಿಡಬೇಕ್ರಿ," ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಟೇಲನನ್ನು ಕಣ್ಣಾರೆ ನೋಡುವ ಆಸೆಗೆ, ಯಾರಿಗೂ ಗುಟ್ಟು ಬಿಡದೆ ನಾನು ಹೊರಬಿದ್ದೆ.

ಕ್ಯಾಂಟೀನಿನ ಅಂಗಳದಲ್ಲಿ ಅವನು ಪ್ರಕಟಣೆಯ ಹಾಳೆ ತಿನ್ನುತ್ತಿದ್ದ. ಹನ್ನೊಂದು ಗಂಟೆಗೆ ಅವನ ಗಂಟೆ ತಾನೇ ಕೀ ಕೀ ಎಂದು ಕೂಗತೊಡಗಿತು. ನಿಯಂತ್ರಣ ವ್ಯವಸ್ಥೆ ಹುಸೇನಪ್ಪನಿಗೆ ಏನೋ ಸಂದೇಶ ಕಳಿಸಿತ್ತು. ಸ್ವಿಚ್ ಅದನ್ನು ನಿಯತ್ತಾಗಿ ಹೋತಕ್ಕೆ ತಲುಪಿಸಿತ್ತು. ಪಟೇಲ ಬೆಚ್ಚಿ ಬೆಂಚಿನ ಮೇಲೆ ಹಾರಿದ. ಚಹಾ ಕುಡಿಯುತ್ತಿದ್ದವರು ನಕ್ಕರು. ಎಲ್ಲರಿಗಿಂತ ಹೆಚ್ಚು ನಾನು ನಕ್ಕೆ. ನನ್ನ ಅಣಕು ಇಷ್ಟು ಪಕ್ಕಾ ಆಗಿದೆಯಲ್ಲ ಎಂಬ ಹೆಮ್ಮೆ. ಏನು ಸಂದೇಶವೆಂದು ನೋಡಲಿಲ್ಲ. ಅದು ಹೀಗಿತ್ತು, ಆಮೇಲೆ ನೂರು ಸಲ ಓದಿದ್ದೇನೆ: 'ಇಪ್ಪತ್ತೇಳನೆಯ ಲೆವೆಲ್ ಖಾಲಿಯಾಗಿದೆ. ಐದು ನಿಮಿಷದಲ್ಲಿ ಗಾಳಿ ನಿಲ್ಲುತ್ತದೆ. ನೀವು ಅಲ್ಲೇ ಇದ್ದರೆ ಮಣಿ ಒತ್ತಿ.'

ಹುಸೇನಪ್ಪನ ಸುತ್ತ ಅವನ ಗ್ಯಾಂಗಿನ ಇಪ್ಪತ್ತು ಜನ ಇರುತ್ತಾರೆ ಎಂದು ನಾನು ತಿಳಿದಿದ್ದೆ. ಒಂದು ಚುಕ್ಕೆ ಮೇಲೆ ಬಂದರೂ ಇಪ್ಪತ್ತು ಚುಕ್ಕೆ ಕೆಳಗಿರುತ್ತವೆ, ಫ್ಯಾನಿಗೇನೂ ಆಗುವುದಿಲ್ಲ. ಗಣಿಗೆ ಒಮ್ಮೆ ಇಳಿದವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಮದ್ದು ಹಾರಿಸಿದ ಮೇಲೆ ಗ್ಯಾಂಗು ಮೇಲಿನ ಲೆವೆಲ್ಲಿಗೆ ಬಂದು ಕಾಯುತ್ತದೆ. ಹೊಗೆ ಹೋಗಿದೆಯೇ, ಕಲ್ಲು ಸಡಿಲಾಗಿದೆಯೇ ಎಂದು ನೋಡಲು ಮೊದಲು ಒಳಗೆ ಹೋಗುವವನು ಮೇಸ್ತ್ರಿ, ಒಬ್ಬನೇ. ಅವನು ಬಂದು ಕರೆಯುವವರೆಗೆ ಒಂದು ಗಂಟೆಯಾದರೂ ಯಾರೂ ಹೆಜ್ಜೆ ಇಡುವುದಿಲ್ಲ. ಅದು ಅವರ ಅಪ್ಪಂದಿರ ಕಾಲದಿಂದ ಬಂದ ಕಟ್ಟಳೆ.

ಹನ್ನೊಂದು ಹತ್ತಕ್ಕೆ ಕಂಟ್ರೋಲ್ ರೂಮಿನ ಹಳೆಯ ಫೋನು ಬಡಿದುಕೊಂಡಿತು. ನಾನಿನ್ನೂ ಅಂಗಳದಲ್ಲಿದ್ದೆ. ಅಲ್ಲಿ ನಡೆದದ್ದನ್ನು ಆಪರೇಟರ್ ನನಗೆ ಹೇಳಿದ್ದು ಸಂಜೆ.

"ಮೇಡಂ, ಹುಸೇನಪ್ಪರೀ. ಗಾಳಿ ನಿಂತೈತ್ರಿ ಇಲ್ಲಿ. ಬಾಗಲಾ ತೆರಿಯವಲ್ದು."

ಗಡಿಗೆಯೊಳಗೆ ಕಲ್ಲು ಉರುಳಿದಂಥ ದನಿ. ಹಿಂದಿನ ವಾರವಷ್ಟೇ ಅದೇ ದನಿಯಲ್ಲಿ, ಅದೇ ಫೋನಿಗೆ, ಪಕ್ಕದ ಕೋಣೆಯಿಂದ ನಾನು 'ಮೇಡಂ, ಕೆಳಗ ಬಂಗಾರದ ಗಟ್ಟಿ ಸಿಕ್ಕೈತ್ರಿ' ಎಂದಿದ್ದೆ. ಮೇಡಂ ಮ್ಯಾನೇಜರಿಗೆ ತಿಳಿಸಲು ಅರ್ಧ ದಾರಿ ಓಡಿದ್ದರು. ಈ ಸಲ ಅವರು ಮೊದಲು ಗೋಡೆಯ ನಕ್ಷೆ ನೋಡಿದರು. ಚುಕ್ಕೆ ಕ್ಯಾಂಟೀನಿನ ಅಂಗಳದಲ್ಲಿತ್ತು. ನನ್ನ ಕುರ್ಚಿ ಖಾಲಿಯಿತ್ತು.

"ಸಾಕು ಮಾಡ್ರಿ ಮೌನೇಶ," ಎಂದರು. "ಒಂದೇ ಜೋಕಿಗೆ ಎರಡು ಸಲ ಮೋಸ ಹೋಗಾಕ ನಾ ಅಷ್ಟು ಹುಚ್ಚಿ ಅಲ್ಲ." ಫೋನು ಇಟ್ಟರು. ಅದು ಇನ್ನೆರಡು ಸಲ ಬಡಿದುಕೊಂಡಿತು. ಆಪರೇಟರ್ ಅದರ ಸದ್ದು ಕಡಿಮೆ ಮಾಡಿದ.

ನಾನು ಒಳಗೆ ಬಂದಾಗ ಮೇಡಂ ಬೆರಳು ಎತ್ತಿ ಗದರಿಸಿದರು, ನಗುತ್ತಲೇ. ಯಾವುದಕ್ಕೆ ಗದರಿಸುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಗದರಿಕೆಯೆಂದರೆ ನನಗೆ ಚಪ್ಪಾಳೆ. ನಕ್ಷೆಯಲ್ಲಿ ಇಪ್ಪತ್ತೇಳನೆಯ ಲೆವೆಲ್ ಬೂದುಬಣ್ಣಕ್ಕೆ ತಿರುಗಿತ್ತು. ಬೂದುಬಣ್ಣಕ್ಕೆ ಏನು ಅರ್ಥವೆಂದು ಸುತ್ತೋಲೆಯ ಎರಡನೆಯ ಪುಟದಲ್ಲಿ ಬರೆದಿತ್ತು. ಒಂದು ಕ್ಷಣದ ಹಿಂದೆ ಒಂಬೈನೂರು ಮೀಟರ್ ಕೆಳಗಿದ್ದವನು ಈಗ ತೋಟದಲ್ಲಿ ಹೇಗೆ ಎಂದು ಕೇಳುವ ಬುದ್ಧಿ ಸ್ವಿಚ್ಚಿಗಿಲ್ಲ. ಕೇಳಬೇಕಾದವನು ನಾನು, ನನ್ನನ್ನು ಅಲ್ಲಿ ಕೂರಿಸಿದ್ದೇ ಅದಕ್ಕೆ.

ಹನ್ನೊಂದು ಐವತ್ತಕ್ಕೆ ನರಸಮ್ಮ ಬಾಗಿಲು ದೂಡಿಕೊಂಡು ಬಂದಳು. ಕೈಗೆ ಕಡಲೆಹಿಟ್ಟು ಮೆತ್ತಿತ್ತು.

"ಮೇಡಂ, ನಮ್ಮ ಮನಿಯವ್ರು ಎಲ್ಲಿ ಅದಾರ್ರಿ? ಮದ್ದು ಹಾರಿಸಿದ ದಿನ ಹನ್ನೊಂದೂವರಿಗೆ ಬಿಡುವಿನಾಗ ಮ್ಯಾಲೆ ಬಂದು ಚಾ ಕುಡಿದು ಹೋಗ್ತಿದ್ರು. ಇನ್ನಾ ಬಂದಿಲ್ಲ."

"ಮ್ಯಾಲೇ ಅದಾನಮ್ಮ ನಿನ್ನ ಗಂಡ. ನೋಡಿಲ್ಲಿ, ಕ್ಯಾಂಟೀನ್ ಹಿಂದ."

"ನಾ ಈಗ ಕ್ಯಾಂಟೀನ್ ಹಿಂದಿಂದನ ಬಂದೀನ್ರಿ. ಅಲ್ಲಿ ಯಾರೂ ಇಲ್ಲ. ನಮ್ಮ ಪಟೇಲ ಅದಾನ, ಯಾರೋ ಕೊರಳಿಗೆ ದೊಡ್ಡ ಗಂಟಿ ಕಟ್ಟ್ಯಾರ." ಅವಳು ನನ್ನ ಕಡೆ ತಿರುಗಿದಳು. "ದೀಪದ ಖೋಲಿಗೂ ಹೋಗಿದ್ದೆ. ಮೊಳಿ ಖಾಲಿ ಐತ್ರಿ ಅಣ್ಣಾ. ಬಿಲ್ಲೆ ಇಲ್ಲ."

ಮೇಡಂ ಮುಖದಲ್ಲಿ ಇನ್ನೂ ಅರ್ಧ ನಗು ಇತ್ತು. "ಮೌನೇಶ, ಆಗ ಫೋನಿನಾಗ ಮಾತಾಡಿದ್ದು ನೀವಽ ಅಲ್ರೀ?"

"ಯಾವ ಫೋನ್ರೀ?" ಎಂದೆ.

ಆ ಕೋಣೆಯಲ್ಲಿ ಎಷ್ಟೋ ಸಲ ಎಷ್ಟೋ ಜನರ ದನಿಯಲ್ಲಿ ಮಾತಾಡಿದ್ದೇನೆ. ಆಗ ಬಂದದ್ದು ನನ್ನದೇ ದನಿ. ನನಗೇ ಗುರುತು ಸಿಗಲಿಲ್ಲ.

ಕ್ಯಾಂಟೀನಿನ ಹಿಂದಿನ ಅಂಗಳಕ್ಕೆ ಓಡಿ, ಪಟೇಲನ ಕೊರಳಿನ ಗಂಟೆ ಕಿತ್ತು ಕಲ್ಲಿಗೆ ಜಜ್ಜಿದೆ. ಹತ್ತು ಸೆಕೆಂಡಿನಲ್ಲಿ ಚುಕ್ಕೆ ಅಂಗಳದಿಂದ ಮಾಯವಾಗಿ ಇಪ್ಪತ್ತೇಳರಲ್ಲಿ ಮೂಡಿತು, ಬೂದುಬಣ್ಣ ಹಸಿರಾಯಿತು, ಫ್ಯಾನು ತಾನೇ ಎದ್ದಿತು. ಹೆಸರು ಬಂತು, ಉಸಿರು ಬಂತು. ಆ ದಿನ ಮೊದಲ ಸಲ ನಾನು ಕೇಜು ಹತ್ತಿದೆ.

ಸಿಡಿಮದ್ದಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಹಾ ಮಿಮಿಕ್ರಿಗಾರ ಅದು; ರಕ್ತದೊಳಗೆ ಹೋಗಿ ಆಮ್ಲಜನಕದ ಕುರ್ಚಿಯಲ್ಲಿ ತಾನು ಕೂರುತ್ತದೆ, ರಕ್ತಕ್ಕೆ ಗೊತ್ತೇ ಆಗುವುದಿಲ್ಲ. ಹುಸೇನಪ್ಪ ಗಾಳಿಬಾಗಿಲಿನ ಬುಡದಲ್ಲಿ ಬಿದ್ದಿದ್ದ. ಆ ಬಾಗಿಲೂ ಮಣಿ ಕೇಳಿ ತೆರೆಯುವಂಥದ್ದು. ಅವನು ಅಂಗಿ ಹರಿದು, ಬರಿಮೈಯನ್ನು ಬಾಗಿಲಿನ ಕಣ್ಣಿಗೆ ಒತ್ತಿ ಒತ್ತಿ ಹಿಡಿದಿದ್ದ; ಕೊರಳೆಲುಬಿನ ಕೆಳಗಿನ ಚರ್ಮ ಸುಲಿದಿತ್ತು. ಬಾಗಿಲು ಪ್ರತಿ ಸಲವೂ ಮೇಲೆ ವಿಚಾರಿಸಿತ್ತು. ಮೇಲಿನಿಂದ ಪ್ರತಿ ಸಲವೂ ಒಂದೇ ಉತ್ತರ ಹೋಗಿತ್ತು: ಆ ಮನುಷ್ಯ ಅಲ್ಲಿಲ್ಲ. ಬಲಗೈಯಲ್ಲಿ ಬಿಲ್ಲೆ ಇತ್ತು. ಅದರಿಂದ ಕಬ್ಬಿಣ ಬಡಿದಿದ್ದ. ಇನ್ನೂರ ಹದಿನಾಲ್ಕು ಎಂಬ ಅಂಕಿ ಓದಲು ಬಾರದಂತೆ ಸೊಟ್ಟಗಾಗಿತ್ತು.

ಅವನು ಬದುಕಿದ.

ವಿಚಾರಣೆಗೆ ಮೂವರು ಬಂದರು. ಒಂದೂ ಬಿಡದೆ ಎಲ್ಲ ಹೇಳಿದೆ, ಜಜ್ಜಿದ ಗಂಟೆಯನ್ನು ಮೇಜಿನ ಮೇಲಿಟ್ಟೆ. ಮಣಿ ತಯಾರಿಸಿದ ಕಂಪನಿಯಿಂದ ಬಂದವನು ಮುಗುಳ್ನಕ್ಕ. ವಿಳಾಸ ಕಾರ್ಖಾನೆಯಲ್ಲಿ ಸುಟ್ಟದ್ದು, ಪ್ರಪಂಚದಲ್ಲಿ ಎರಡನೆಯದು ಇರಲು ಸಾಧ್ಯವಿಲ್ಲ ಎಂದ. ಸುಟ್ಟದ್ದು ಬೇರೆ, ಹೇಳಿದ್ದು ಬೇರೆ ಎಂದೆ. ನನ್ನ ಮಾತು ಒಪ್ಪಿದರೆ ಎಂಟುನೂರು ಜನರ ಕೊರಳೆಲುಬನ್ನು ಮತ್ತೆ ಬಿಚ್ಚಬೇಕಾಗುತ್ತಿತ್ತು. ನಡುವೆ ಕುಳಿತವರು ಕೇಳಿದರು: "ನೀವು ಮಿಮಿಕ್ರಿ ಮಾಡ್ತೀರಂತಲ್ಲ? ಚೆನ್ನಾಗಿ ಮಾಡ್ತೀರಿ. ಅಪರಾಧಿ ಹೀಗೇ ಮಾತಾಡೋದು." ಉಳಿದಿಬ್ಬರು ನಕ್ಕರು. ಅವರ ವರದಿಯಲ್ಲಿ ಹುಸೇನಪ್ಪ ಹತ್ತು ಐವತ್ತರಿಂದ ಹನ್ನೊಂದು ಐವತ್ತರವರೆಗೆ ಅನುಮತಿಯಿಲ್ಲದೆ ತೋಟದಲ್ಲಿ, ಕ್ಯಾಂಟೀನಿನಲ್ಲಿ ಅಲೆದಾಡುತ್ತಿದ್ದ. ಆಮೇಲೆ ಯಾರಿಗೂ ಹೇಳದೆ ಕೆಳಗಿಳಿದು ಹೊಗೆ ಕುಡಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಜಾಗ ಬಿಟ್ಟಿದ್ದಾನೆ ಎಂದು ಅನುಕಂಪದಿಂದ ಬರೆದರು. ಗಂಟೆಯನ್ನು ನನಗೇ ವಾಪಸು ಕೊಟ್ಟರು.

ನಾನು ಕೆಲಸ ಬಿಟ್ಟೆ. ಭಾನುವಾರ ಬಿಡಲಿಲ್ಲ.

ಮೊದಲ ಸಲ ಹೋದಾಗ ನರಸಮ್ಮ ಬಾಗಿಲು ಹಾಕಿಕೊಂಡಳು. ಎರಡನೆಯ ಸಲವೂ. ಮೂರನೆಯ ತಿಂಗಳಲ್ಲಿ ಒಂದು ದಿನ ಬಾಗಿಲು ತೆರೆದಿತ್ತು. ಹುಸೇನಪ್ಪ ಪಲ್ಲಂಗದ ಮೇಲೆ ಗೋಡೆಗೆ ಒರಗಿ ಕುಳಿತಿದ್ದ, ಬಿಲ್ಲೆ ಕೈಯಲ್ಲಿ. ಮಾತು ಪೂರ್ತಿ ಹೋಗಿದೆ. ಗುರುತು ಇದೆಯೋ ಇಲ್ಲವೋ ಡಾಕ್ಟರರಿಗೂ ಗೊತ್ತಿಲ್ಲ. ಮಿದುಳಿನ ಯಾವುದೋ ಭಾಗಕ್ಕೆ ಗಾಳಿ ತಪ್ಪಿದರೆ ಹೀಗಾಗುತ್ತದಂತೆ. ನಗು ಬರುತ್ತದೆ, ಅದರ ಹಿಂದೆ ಸಂತೋಷ ಇರಲೇಬೇಕೆಂದಿಲ್ಲ. ಮೂಗಿನಲ್ಲಿ ಹುಸ್ ಎನ್ನುತ್ತಿದ್ದವನು ಈಗ ಬಾಯಿ ತೆರೆದು, ತಲೆ ಹಿಂದಕ್ಕೆ ಚೆಲ್ಲಿ, ಓಣಿಗೆಲ್ಲ ಕೇಳುವಂತೆ ನಗುತ್ತಾನೆ.

ನರಸಮ್ಮ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ನೋಡದೆ ಹೇಳಿದಳು.

"ಅಣ್ಣಾ. ಅವ್ರ ದನಿ ಮಾಡ್ರಿ."

"ಬ್ಯಾಡವಾ."

"ಮಾಡ್ರಿ. ನನಗ ಮರ್ತು ಹೊಂಟೈತಿ. ನಿಮ್ಮ ಹತ್ರ ಅಷ್ಟಽ ಉಳದೈತಿ ಅದು."

ಗಡಿಗೆಯೊಳಗೆ ಕಲ್ಲು ಉರುಳಿಸಿದೆ. "ನರಸೀ, ನೀರು ಕಾಯಾಕಿಡು."

ಅವಳ ಕೈ ರೊಟ್ಟಿಯ ಮೇಲೆ ನಿಂತಿತು. ಆಮೇಲೆ ಅವಳು ಎದ್ದು, ಬಿಂದಿಗೆ ತಗೊಂಡು, ನಿಜಕ್ಕೂ ನೀರು ಕಾಯಲು ಇಟ್ಟಳು. ಬೆನ್ನು ನನ್ನ ಕಡೆಗಿತ್ತು.

ಹುಸೇನಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ. ಅಲ್ಲಿ ತಾನು ಹೇಗೆ ಹೋಗಿ ಕುಳಿತೆ ಎಂದು ಹುಡುಕುವವನಂತೆ. ಅವನಿಗೆ ನಾನಿನ್ನೂ ಹೇಳಿರಲಿಲ್ಲ, ಉಳಿದವರಿಗೆಲ್ಲ ಹೇಳಿಯಾಗಿತ್ತು. ನೆಲದ ಮೇಲೆ ಕುಳಿತು ಮೊದಲಿನಿಂದ ಹೇಳಿದೆ. ಮೇಷ್ಟ್ರು, ಕಾಲುವೆ, ಗಂಟೆ, ತೋಟ, ಕಾಂಪೌಂಡಿನ ಮೇಲೆ ನಿಂತ ಪಟೇಲ. ಮೇಡಂ ಬಂದಲ್ಲಿ ಮೇಡಂ ದನಿ, ಫೋನು ಬಂದಲ್ಲಿ ಅವನದೇ ದನಿ. ನನಗೆ ಹಾಗಲ್ಲದೆ ಬೇರೆ ರೀತಿ ಹೇಳಲು ಬರುವುದಿಲ್ಲ. 'ಬಾಗಲಾ ತೆರಿಯವಲ್ದು' ಎನ್ನುವಾಗ ಅವನ ಹೆಬ್ಬೆರಳು ಬಿಲ್ಲೆಯ ಮೇಲೆ ಅಲುಗಿತು.

ಇನ್ನೇನು ಹೇಳಲಿ ಎಂದು ತೋಚದೆ ಮೇಷ್ಟ್ರಾದೆ. ಕೈಯನ್ನು ಪುಸ್ತಕದಂತೆ ಹಿಡಿದು, ತಲೆ ಎತ್ತದೆ, ಮೂಗಿನಲ್ಲಿ ಕರೆದೆ. "ಹುಸೇನಪ್ಪ?"

ಅವನ ತುಟಿ ಅಲುಗಿತು. ಒಂದು ಸಲ. ಎರಡು ಸಲ. ಕೊರಳಿನ ನರ ಉಬ್ಬಿತು. ದನಿ ಬರಲಿಲ್ಲ. ನರಸಮ್ಮ ಒಲೆಯ ಹತ್ತಿರ ಉಸಿರು ಹಿಡಿದು ನಿಂತಿದ್ದಳು.

ಮೇಷ್ಟ್ರು ಗೈರುಹಾಜರಿ ಬರೆಯುವಷ್ಟು ಹೊತ್ತು ಕಾದೆ. ಆಮೇಲೆ ಹಳೆಯ ಚಾಳಿ, ಬಾಯಿ ತಾನೇ ತೆರೆಯಿತು. ಕೊನೆಯ ಅಕ್ಷರವನ್ನು ನುಂಗಿ ಅವನ ಬದಲು ನಾನೇ ಹೇಳಿದೆ.

"ಪ್ರೆಜೆನ್ ಸರ್."

ನಾನು ನಕ್ಕೆ, ಅಳು ಬಾರದಿರಲೆಂದು. ನರಸಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ಏನೋ ಒಂದು ಸದ್ದು ಮಾಡಿದಳು. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ಹುಸೇನಪ್ಪ. ಕಣ್ಣಲ್ಲಿ ನೀರು ಬರುವಂತೆ, ಹಿತ್ತಲಲ್ಲಿ ಪಟೇಲ ಬೆಚ್ಚಿ ಎದ್ದು ನಿಲ್ಲುವಂತೆ, ಒಲೆಯ ಮೇಲಿನ ನೀರು ಕುದ್ದು ಉಕ್ಕುವವರೆಗೆ ನಕ್ಕ.